ಮಳೆಯ ಸಾಕ್ಷ್ಯ: ಆಂಗಸ್ ಸ್ಮಿತ್ತನ ವಾಯುವಿಶ್ಲೇಷಣೆಯ ವಿಮರ್ಶೆ

ರಾಬರ್ಟ್ ಆಂಗಸ್ ಸ್ಮಿತ್ತನ 'ಏರ್ ಅಂಡ್ ರೇನ್' ಎಂಬ ಬೃಹದ್ಗ್ರಂಥವು 1872ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 'ಆಮ್ಲ ಮಳೆ' ಎಂಬ ಮಾತನ್ನು ಬಳಕೆಗೆ ತಂದವನೆಂದು ಅವನನ್ನು ಒಂದು ವಾಕ್ಯದಲ್ಲಿ ಸ್ಮರಿಸಿ ಮುಂದೆ ಸಾಗುವುದು ಪಠ್ಯಪುಸ್ತಕಗಳ ವಾಡಿಕೆ. ಈ ಗೌರವವು ಅವನಿಗೆ ಸಲ್ಲತಕ್ಕದ್ದೇ. ಆದರೆ ಇಷ್ಟರಿಂದಲೇ ಗ್ರಂಥಕ್ಕೆ ನ್ಯಾಯ ದೊರೆತಂತಾಗುವುದಿಲ್ಲ. ವಾಯುವಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಆಮ್ಲೀಯ ಅನಿಲಗಳನ್ನು ಅಳೆಯುವ ಶಾಸ್ತ್ರಕ್ಕೆ ಈ ಗ್ರಂಥವು ಹಾಕಿದ ತಳಹದಿ ಎಂಥದು, ಅನಂತರ ಬಂದವರು ಅದರಿಂದ ಏನನ್ನು ಕಲಿತರು, ಏನನ್ನು ಮರೆತರು ಎಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಅಳತೆಯಿಂದ ದೊರೆತ ಸಂಖ್ಯೆಯು ಯಾವ ವಸ್ತುವಿನ ಪರಿಮಾಣ ಎಂಬ ಪ್ರಶ್ನೆಯೇ ಈ ಗ್ರಂಥದ ಜೀವಾಳವೆಂದು ನಾವು ಭಾವಿಸುತ್ತೇವೆ.

ಈ ಪ್ರಶ್ನೆಯು ಸ್ಮಿತ್ತನಿಗೆ ಕೇವಲ ತಾತ್ವಿಕವಾಗಿರಲಿಲ್ಲ. ಲೆಬ್ಲಾಂಕ್ ವಿಧಾನದಲ್ಲಿ ಸೋಡ ತಯಾರಿಸುವ ಕಾರ್ಖಾನೆಗಳು ಉಪ್ಪನ್ನು ಗಂಧಕಾಮ್ಲದೊಡನೆ ಕಾಯಿಸುತ್ತಿದ್ದುವು. ಆಗ ಹುಟ್ಟಿದ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವು ಸುತ್ತಲಿನ ಗಿಡಮರಗಳನ್ನು ಸುಡುತ್ತಿತ್ತು. ಈ ಅನಿಲದಲ್ಲಿ ನೂರಕ್ಕೆ 95 ಭಾಗವನ್ನಾದರೂ ನೀರಿನಲ್ಲಿ ಹಿಡಿದಿಡಬೇಕೆಂದು 1863ರ ಆಲ್ಕಲಿ ಶಾಸನವು ವಿಧಿಸಿತು. ಆ ಶಾಸನದ ಮೊದಲ ಇನ್‌ಸ್ಪೆಕ್ಟರನು ಸ್ಮಿತ್ತನೇ. ಆದರೆ ನೂರಕ್ಕೆ ಇಷ್ಟು ಎಂಬುದು ಕಾರ್ಖಾನೆಯ ದಕ್ಷತೆಯ ಅಳತೆಯೇ ಹೊರತು ನೆರೆಯವರು ಉಸಿರಾಡುವ ಗಾಳಿಯ ಅಳತೆಯಲ್ಲ. ಉತ್ಪಾದನೆ ಇಮ್ಮಡಿಯಾದರೆ ತಪ್ಪಿಸಿಕೊಳ್ಳುವ 5 ಭಾಗವೂ ಇಮ್ಮಡಿಯಾಗುವುದು. ಶಾಸನವು ಮಾತ್ರ ತೃಪ್ತವಾಗಿಯೇ ಉಳಿಯುವುದು. 1874ರ ತಿದ್ದುಪಡಿಯು ಘನ ಅಡಿಯೊಂದಕ್ಕೆ ಗ್ರೇನಿನ ಐದನೆಯ ಒಂದು ಭಾಗವೆಂಬ ಮಿತಿಯನ್ನೂ ಸೇರಿಸಿತು. ಇದು ಘನಮೀಟರಿಗೆ ಸುಮಾರು 460 ಮಿಲಿಗ್ರಾಂ ಆಗುತ್ತದೆ. ಭಾರತದ 2009ರ ಮಾನಕಗಳು ಬಯಲು ಗಾಳಿಯ ಗಂಧಕ ಡೈಆಕ್ಸೈಡಿಗೆ 24 ಗಂಟೆಗಳ ಸರಾಸರಿಯಾಗಿ ವಿಧಿಸಿರುವ ಮಿತಿ ಘನಮೀಟರಿಗೆ 80 ಮೈಕ್ರೋಗ್ರಾಂ. ಅನಿಲಗಳು ಬೇರೆಯಾದರೂ ಹೋಲಿಕೆಯು ಬೋಧಪ್ರದವಾಗಿದೆ: ಚಿಮಣಿಯ ಅಳತೆಗೂ ಬಯಲಿನ ಅಳತೆಗೂ ಐದು ಸಾವಿರ ಪಟ್ಟಿಗೂ ಮಿಕ್ಕಿದ ಅಂತರವಿದೆ. ಚಿಮಣಿಯಲ್ಲಿ ಸುಲಭವಾಗಿ ಸಿಕ್ಕುವ ಅನಿಲವು ಬಯಲಿನಲ್ಲಿ ಅಂದಿನ ರಸಾಯನಜ್ಞನ ಕೈಗೆ ಸಿಕ್ಕುವುದು ದುಸ್ತರವಾಗಿತ್ತು.

ಆದಕಾರಣ ಸ್ಮಿತ್ತನು ಮಳೆಯನ್ನು ಸಾಕ್ಷಿಯಾಗಿ ಕರೆದನು. ಮಳೆಹನಿಯು ಅಪಾರ ವಾಯುರಾಶಿಯನ್ನು ತೊಳೆದು, ಅದರಲ್ಲಿ ಚದುರಿದ್ದುದನ್ನು ಒಟ್ಟುಗೂಡಿಸಿ ತರುತ್ತದೆ. ಸಾಕ್ಷಿಯನ್ನು ಅವನು ಕುರುಡಾಗಿ ನಂಬಲಿಲ್ಲವೆಂಬುದು ಅವನ ಹಿರಿಮೆ. ಕಡಲ ತೀರದ ಮಳೆಯಲ್ಲಿ ಉಪ್ಪಿನೊಡನೆ ಸಲ್ಫೇಟುಗಳೂ ಬರುತ್ತವೆ. ಆದುದರಿಂದ ಕ್ಲೋರೈಡಿಗೆ ಸಲ್ಫೇಟಿನ ನಿಷ್ಪತ್ತಿಯನ್ನು ಲೆಕ್ಕಹಾಕಿ, ಕಡಲಿನ ಪಾಲನ್ನೂ ಕಲ್ಲಿದ್ದಲಿನ ಹೊಗೆಯ ಪಾಲನ್ನೂ ಬೇರ್ಪಡಿಸಲು ಯತ್ನಿಸಿದನು. 1852ರಷ್ಟು ಹಿಂದೆಯೇ ಮ್ಯಾಂಚೆಸ್ಟರಿನ ಸುತ್ತ ಮೂರು ವಲಯಗಳನ್ನು ಗುರುತಿಸಿದ್ದನು: ದೂರದ ಹೊಲಗಳಲ್ಲಿ ಅಮೋನಿಯಾದ ಕಾರ್ಬೊನೇಟು, ಊರಂಚಿನಲ್ಲಿ ಅಮೋನಿಯಾದ ಸಲ್ಫೇಟು, ಪಟ್ಟಣದ ನಡುವೆ ಗಂಧಕಾಮ್ಲ. ಗಂಧಕಾಮ್ಲದ ಹೆಚ್ಚಳವು ಅಮೋನಿಯಾದ ಹೆಚ್ಚಳವನ್ನು ಮೀರಿದಾಗ ಮಳೆಯು ಆಮ್ಲವಾಗುತ್ತದೆಂದು ಅವನೇ ವಿವರಿಸಿದ್ದಾನೆ. ಅಂದರೆ ಮಳೆಯ ಆಮ್ಲತೆಯು ಆಮ್ಲದ ಮೊತ್ತವಲ್ಲ, ಆಮ್ಲದಿಂದ ಕ್ಷಾರವನ್ನು ಕಳೆದುಳಿದ ಶೇಷ. ಪಿಎಚ್ ಎಂಬ ಮಾನವೇ ಇಲ್ಲದಿದ್ದ ಕಾಲದಲ್ಲಿ (ಅದು ಬಂದದ್ದು 1909ರಲ್ಲಿ) ಈ ವಿವೇಚನೆಯು ಅಸಾಧಾರಣವಾದುದು.

ಹೀಗಿದ್ದರೂ ಪದ್ಧತಿಯ ಕೊರತೆಯನ್ನು ಹೇಳದೆ ವಿಧಿಯಿಲ್ಲ. ಮಳೆಯ ಶೇಷದಿಂದ ಗಾಳಿಯ ಅನಿಲಕ್ಕೆ ಹಿಂದಿರುಗುವ ದಾರಿ ಈ ಪದ್ಧತಿಯಲ್ಲಿಲ್ಲ. ಸಲ್ಫೇಟು ಅನಿಲವಾಗಿದ್ದು ಹನಿಯಲ್ಲಿ ಕರಗಿತೋ, ಮೊದಲೇ ಕಣವಾಗಿತ್ತೋ ಎಂಬುದನ್ನು ಪಾತ್ರೆಯಲ್ಲಿ ನಿಂತ ನೀರು ಹೇಳಲಾರದು. ಇದಕ್ಕಿಂತ ಗುರುತರವಾದ ದೋಷವೆಂದರೆ, ಮಳೆಯಿಲ್ಲದ ದಿನ ಈ ಸಾಕ್ಷಿಯು ಮೂಕವಾಗುತ್ತದೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಕವಿದ ಹೊಗೆಮಂಜಿನಲ್ಲಿ ಗಾಳಿಯು ನಿಂತುಹೋಗಿತ್ತು. ಆ ಅವಧಿಯಲ್ಲಿ ಸುಮಾರು 4,000 ಹೆಚ್ಚುವರಿ ಸಾವುಗಳಾದುವೆಂದು ಆಗಿನ ಅಂದಾಜು. ಅನಂತರದ ತಿಂಗಳುಗಳನ್ನೂ ಗಣಿಸಿದ ಈಚಿನ ಅಧ್ಯಯನವು 12,000ದವರೆಗೆ ಹೇಳುತ್ತದೆ. ಆಮ್ಲೀಯ ಅನಿಲಗಳು ಅತ್ಯಂತ ಮಾರಕವಾಗುವುದು ಇಂಥ ನಿಶ್ಚಲ ದಿನಗಳಲ್ಲಿಯೇ.

ಮುಂದೆ ಬಂದ ಪದ್ಧತಿಗಳು ಈ ದೋಷವನ್ನು ನೀಗಿದುವೆ? ಬ್ರಿಟನ್ನಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪೆರಾಕ್ಸೈಡ್ ವಿಧಾನದಲ್ಲಿ, ಸೋಸಿದ ಗಾಳಿಯನ್ನು ಸಾರರಿಕ್ತ ಹೈಡ್ರೊಜನ್ ಪೆರಾಕ್ಸೈಡಿನ ಮೂಲಕ ದಿನವಿಡೀ ಹಾಯಿಸುತ್ತಿದ್ದರು. ಗಂಧಕ ಡೈಆಕ್ಸೈಡು ಗಂಧಕಾಮ್ಲವಾಗುತ್ತಿತ್ತು. ಅದನ್ನು ಕ್ಷಾರದಿಂದ ಪಿಎಚ್ 4.5ಕ್ಕೆ ತಂದು ಅಳೆಯುತ್ತಿದ್ದರು. ಮಳೆಗಾಗಿ ಕಾಯುವ ಅಗತ್ಯವು ತಪ್ಪಿತು. ಆದರೆ ಶೇಷವು ಶೇಷವಾಗಿಯೇ ಉಳಿಯಿತು. ಇತರ ಆಮ್ಲಗಳಿದ್ದರೆ ಫಲಿತಾಂಶ ಏರುತ್ತದೆ. ಕೊಟ್ಟಿಗೆಗಳಿಂದಲೂ ಗೊಬ್ಬರದ ಹೊಲಗಳಿಂದಲೂ ಅಮೋನಿಯಾ ಬಂದರೆ ಇಳಿಯುತ್ತದೆ. ಹಾಗಿದ್ದರೂ ಕೋಷ್ಟಕಗಳಲ್ಲಿ ಈ ನಿವ್ವಳ ಆಮ್ಲತೆಯು 'ಗಂಧಕ ಡೈಆಕ್ಸೈಡು' ಎಂಬ ಹೆಸರಿನಲ್ಲಿಯೇ ಕಾಣಿಸಿಕೊಂಡಿತು. ಸ್ಮಿತ್ತನು ಬಿಡಿಸಿ ಹೇಳಿದ್ದನ್ನು ಅವನಿಗಿಂತ ಉತ್ತಮ ಉಪಕರಣವುಳ್ಳವರು ಮರೆತಂತಾಯಿತು.

1956ರಲ್ಲಿ ವೆಸ್ಟ್ ಮತ್ತು ಗೇಕಿ ಪ್ರಕಟಿಸಿದ ವಿಧಾನವು ಆಮ್ಲತೆಯನ್ನು ಬಿಟ್ಟು ಅಣುವನ್ನೇ ಹಿಡಿಯಿತು. ಪಾದರಸದ ಸಂಯುಕ್ತವುಳ್ಳ ದ್ರಾವಣದಲ್ಲಿ ಗಂಧಕ ಡೈಆಕ್ಸೈಡನ್ನು ಬಂಧಿಸಿ, ಫಾರ್ಮಾಲ್ಡಿಹೈಡ್ ಮತ್ತು ಪ್ಯಾರಾರೋಸನಿಲಿನ್‌ಗಳಿಂದ ಬಣ್ಣ ಬರಿಸಿ, ಬಣ್ಣದ ಗಾಢತೆಯಿಂದ ಪರಿಮಾಣವನ್ನು ತಿಳಿಯುವುದು ಇದರ ತತ್ತ್ವ. ವಿಷವಾದ ಪಾದರಸವನ್ನು ಬಳಸಬೇಕಾದುದು ಇದರ ಕುಂದು. ನೈಟ್ರಿಕ್ ಆಮ್ಲದ ಅನಿಲದಲ್ಲಿ ತೊಡಕು ಇನ್ನೂ ಹೆಚ್ಚು: ಸೋಸುಹಾಳೆಯಲ್ಲಿ ನಿಂತ ಅಮೋನಿಯಂ ನೈಟ್ರೇಟಿನ ಕಣವು ಆವಿಯಾಗಿ, ಮೊದಲಿನಿಂದಲೂ ಅನಿಲವಾಗಿದ್ದುದೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಒಳಗೋಡೆಗೆ ಸೋಡಿಯಂ ಕಾರ್ಬೊನೇಟು ಲೇಪಿಸಿದ ಡಿನ್ಯೂಡರ್ ಕೊಳವೆಯು ಇದಕ್ಕೆ ಪರಿಹಾರ. ಚುರುಕಾಗಿ ವಿಸರಿಸುವ ಅನಿಲದ ಅಣುಗಳು ಗೋಡೆಗಂಟುತ್ತವೆ. ಭಾರವಾದ ಕಣಗಳು ನೇರವಾಗಿ ಮುಂದೆ ಹೋಗುತ್ತವೆ. ಮಳೆಯು ಬೆರೆಸಿಬಿಡುತ್ತಿದ್ದ ಎರಡು ವಸ್ತುಗಳು ಇಲ್ಲಿ ಅಳತೆಗೆ ಮೊದಲೇ ಬೇರೆಯಾಗುತ್ತವೆ.

1872ರ ಕೃತಿಯನ್ನು ಅನಂತರದ ಜ್ಞಾನದಿಂದ ತೂಗುವುದು ಅನ್ಯಾಯವೆಂದು ಆಕ್ಷೇಪಿಸಬಹುದು. ಆದರೆ ನಾವು ಬಳಸಿದ ತಕ್ಕಡಿಯು ಹೊರಗಿನದಲ್ಲ. ಅಮೋನಿಯಾದ ಲೆಕ್ಕವನ್ನೂ ಕಡಲಿನ ಲೆಕ್ಕವನ್ನೂ ಕಲಿಸಿದುದು ಈ ಗ್ರಂಥವೇ. ಅದರ ಫಲಿತಾಂಶಗಳಲ್ಲಿ ಹಲವು ಇಂದು ಚರಿತ್ರೆಗೆ ಸೇರಿರಬಹುದು. ಅದರ ವಿವೇಚನೆಯು ಸೇರಿಲ್ಲ. ನಮ್ಮ ದೇಶದ 2009ರ ಮಾನಕಗಳು ಗಂಧಕ ಡೈಆಕ್ಸೈಡಿನ ಮಿತಿಯ ಪಕ್ಕದಲ್ಲಿಯೇ ಅಳತೆಯ ವಿಧಾನಗಳನ್ನೂ ಹೆಸರಿಸಿವೆ: ಸುಧಾರಿತ ವೆಸ್ಟ್-ಗೇಕಿ ವಿಧಾನ ಮತ್ತು ಅತಿನೇರಳೆ ಪ್ರತಿದೀಪ್ತಿ. ನಮ್ಮ ವಿದ್ಯಾರ್ಥಿಗಳು ವರದಿಗಳನ್ನು ಓದುವಾಗ ಈ ಎರಡನೆಯ ಅಂಕಣವನ್ನು ದಾಟಿಹೋಗುವುದುಂಟು. ಒಂದು ಊರಿನ ಜನರು ಉಸಿರಾಡುವ ಗಾಳಿಯು ಸುರಕ್ಷಿತವೆಂಬ ತೀರ್ಪು ಆ ಅಂಕಣವನ್ನೂ ಅವಲಂಬಿಸಿರುವುದರಿಂದ, ಪ್ರಯೋಗಶಾಲೆಯ ಪುಸ್ತಕದಲ್ಲಿ ಪ್ರತಿ ಸಂಖ್ಯೆಯೊಡನೆ ಅದನ್ನು ಪಡೆದ ವಿಧಾನವನ್ನೂ, ಅದಕ್ಕೆ ಅಡ್ಡಬರಬಹುದಾದ ವಸ್ತುಗಳನ್ನೂ ಬರೆದಿಡುವ ಅಭ್ಯಾಸವನ್ನು ಅಧ್ಯಾಪಕರು ಮೊದಲ ವರ್ಷದಿಂದಲೇ ಮಾಡಿಸತಕ್ಕದ್ದು.