ತಾರೀಖಿಲ್ಲದ ಎರಡು ಸಾವಿರ

ಬೆಂಗಳೂರಿನ ಗರುಡಾಚಾರ್‌ಪಾಳ್ಯದ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಒಳಗಿನ ಓಣಿಗಳಲ್ಲಿ ನಡೆದರೆ, ಏಳುತ್ತಿರುವ ಕಟ್ಟಡಗಳ ಮಗ್ಗುಲಲ್ಲಿ, ಖಾಲಿ ನಿವೇಶನಗಳ ಮೂಲೆಯಲ್ಲಿ ಶೀಟಿನ ಮನೆಗಳು ಕಾಣುತ್ತವೆ. ತಗಡಿನ ಗೋಡೆ, ತಗಡಿನ ಸೂರು, ಬಾಗಿಲ ಮುಂದೆ ನೀರಿನ ನೀಲಿ ಡ್ರಮ್ಮು. ಇಲ್ಲಿರುವ ಬಹಳಷ್ಟು ಮಂದಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರು. ಕೂಲಿ ಇಲ್ಲಿ, ರೇಷನ್ ಕಾರ್ಡು ಊರಲ್ಲಿ. ಹಳ್ಳಿಯ ಬಡ ಕುಟುಂಬ ಎಂದಾಗ ನಮ್ಮ ಕಣ್ಣಿಗೆ ಒಂದೇ ಸೂರಿನ ಕೆಳಗಿನ ಮನೆ ಬರುತ್ತದೆ. ಇವರದು ನೂರಾರು ಕಿಲೋಮೀಟರ್ ಉದ್ದದ ಮನೆ.

ಒಂದು ಭಾನುವಾರ ಮಧ್ಯಾಹ್ನ ಅಲ್ಲಿ ಬಟ್ಟೆ ಒಗೆಯುತ್ತಿದ್ದ, ಲಿಂಗಸುಗೂರು ಕಡೆಯ ಹೆಣ್ಣುಮಗಳೊಬ್ಬಳನ್ನು ಮಾತಿಗೆಳೆದೆ. ಗೃಹಲಕ್ಷ್ಮಿ ದುಡ್ಡು ಬರುತ್ತದಾ ಎಂದು ಕೇಳಿದೆ.

“ಅತ್ತಿ ಹೆಸರಿಗೆ ಐತ್ರಿ ಅಕ್ಕಾರ. ಊರಾಗ ಇರ್ತಾಳ. ನನ್ನ ಎರಡು ಹುಡುಗ್ರು ಅಕಿ ಹತ್ರನ ಅದಾವ.”

“ಮತ್ತೆ ನಿನಗೇನು ಸಿಕ್ಕಂತಾಯಿತಮ್ಮ?”

“ಅತ್ತಿಗೆ ರೊಕ್ಕ ಬಿದ್ದ ತಿಂಗಳು ನಾ ಊರಿಗೆ ಕಳಸೂದಿಲ್ರಿ. ಬೀಳಲಿಲ್ಲಂದ್ರ ಮೇಸ್ತ್ರಿ ಕಡೆ ಮುಂಗಡ ಇಸ್ಕೊಂಡು ಕಳಸಬೇಕು.”

ಯಾವ ತಾರೀಖಿಗೆ ಬೀಳುತ್ತದೆ ಎಂದೆ. ಆಕೆ ಸೋಪಿನ ಕೈಯನ್ನೇ ಗಾಳಿಯಲ್ಲಿ ತಿರುವಿದಳು. “ಅದು ಯಾರಿಗೆ ಗೊತ್ತೈತ್ರಿ?”

ಗೃಹಲಕ್ಷ್ಮಿಯ ಬಗ್ಗೆ ನಾನು ಎರಡು ವರ್ಷದಿಂದ ಕೇಳಿದ ವಾದಗಳೆಲ್ಲ ಆ ಮರುಪ್ರಶ್ನೆಯ ಮುಂದೆ ನನಗೆ ಸಣ್ಣದಾಗಿ ಕಂಡವು. ಒಂದು ಪಕ್ಷದವರು ‘ಬಿಟ್ಟಿ’ ಎನ್ನುತ್ತಾರೆ, ಇನ್ನೊಂದು ಪಕ್ಷದವರು ‘ಕ್ರಾಂತಿ’ ಎನ್ನುತ್ತಾರೆ. ಕೊಟ್ಟ ಹಣ ಯಾವಾಗ ತಲುಪಿತು ಎಂದು ಕೇಳುವವರು ಕಡಿಮೆ. ಬಡವರ ಮನೆಯ ಲೆಕ್ಕದಲ್ಲಿ ಮೊತ್ತದಷ್ಟೇ ತೂಕ ತಾರೀಖಿಗೂ ಇದೆ. ಕೆಲವು ತಿಂಗಳಲ್ಲಿ ಅದಕ್ಕಿಂತ ಹೆಚ್ಚು.

ಮೊದಲು ಯೋಜನೆಯ ಒಳ್ಳೆಯದನ್ನು ಹೇಳಬೇಕು, ಅದು ಬಹಳ ಇದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಾಗ ಸುಮಾರು 1.1 ಕೋಟಿ ಯಜಮಾನಿಯರು ಹೆಸರು ನೋಂದಾಯಿಸಿದ್ದರು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವ ಹೆಂಗಸಿಗೆ ತಿಂಗಳಿಗೆ 2,000 ರೂಪಾಯಿ, ಆಧಾರ್ ಜೋಡಿಸಿದ ಖಾತೆಗೆ ನೇರವಾಗಿ. ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾದರೆ ಇಲ್ಲ. 2024–25ರ ಬಜೆಟ್ಟಿನಲ್ಲಿ ಇದೊಂದಕ್ಕೇ 28,608 ಕೋಟಿ ರೂಪಾಯಿ ತೆಗೆದಿರಿಸಿದರು. ಇಷ್ಟು ದೊಡ್ಡ ಮೊತ್ತವನ್ನು ಗುತ್ತಿಗೆದಾರನ ಕೈ ಮುಟ್ಟಿಸದೆ, ಪಂಚಾಯಿತಿ ಸದಸ್ಯನ ಶಿಫಾರಸು ಕೇಳದೆ, ಕೊಟ್ಟದ್ದನ್ನು ಏನು ಮಾಡಿದೆ ಎಂದು ರಸೀದಿ ಕೇಳದೆ ಹೆಂಗಸರ ಖಾತೆಗೆ ಹಾಕಿದ್ದು ಈ ರಾಜ್ಯದಲ್ಲಿ ಹಿಂದೆಂದೂ ಆಗಿರಲಿಲ್ಲ. ರಸೀದಿ ಕೇಳದಿರುವುದೇ ಇದರ ಅತಿ ದೊಡ್ಡ ಗುಣ ಎಂದು ನನ್ನ ಎಣಿಕೆ. ಬಡವಳಿಗೆ ಏನು ಬೇಕೆಂಬುದನ್ನು ಆಕೆಯೇ ಬಲ್ಲಳು ಎಂಬ ನಂಬಿಕೆ ಅದರಲ್ಲಿದೆ. ನಮ್ಮ ಹಳೆಯ ಯೋಜನೆಗಳು ಹೊಲಿಗೆ ಯಂತ್ರ ಕೊಟ್ಟವು, ಸೈಕಲ್ ಕೊಟ್ಟವು, ಸೀರೆ ಕೊಟ್ಟವು. ಈ ನಂಬಿಕೆಯನ್ನು ಮಾತ್ರ ಕೊಟ್ಟಿರಲಿಲ್ಲ.

ಎರಡು ಸಾವಿರ ಎಷ್ಟು ದೊಡ್ಡದು? 2023–24ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 316 ರೂಪಾಯಿ ಇತ್ತು. ಅಂದರೆ ಆರು ದಿನದ ಕೂಲಿಗಿಂತ ತುಸು ಹೆಚ್ಚು. 2025–26ರಲ್ಲಿ ಕೂಲಿ 370 ಆಯಿತು. ಗೃಹಲಕ್ಷ್ಮಿ ಎರಡು ಸಾವಿರದಲ್ಲೇ ನಿಂತು ಐದೂವರೆ ದಿನದ ಕೂಲಿಗೆ ಇಳಿಯಿತು. ಹೊಲದಲ್ಲಿ ಕೆಲಸವಿಲ್ಲದ ತಿಂಗಳಲ್ಲಿ ಐದಾರು ದಿನದ ಕೂಲಿ ಎಂದರೆ ಅಡುಗೆ ಎಣ್ಣೆ, ಬೇಳೆ, ಮಕ್ಕಳ ನೋಟ್‌ಬುಕ್ಕು, ಅತ್ತೆಯ ಬಿಪಿ ಮಾತ್ರೆ. ದೊಡ್ಡ ಮಾತು ಆಡುವವರಿಗೆ ಇವು ಸಣ್ಣವು. ಆದರೆ ಸಾಲ ಹುಟ್ಟುವುದು ಇಂಥ ಸಣ್ಣವುಗಳಿಂದಲೇ.

ಕೈಗೆ ಹಣ ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ ಎಂಬ ಮಾತಿಗೆ ಉತ್ತರ ಈಗಾಗಲೇ ಸಿಕ್ಕಿದೆ. ಅಸಂಘಟಿತ ಮಹಿಳಾ ಕಾರ್ಮಿಕರ ‘ಸೇವಾ’ ಸಂಘಟನೆ ಯುನಿಸೆಫ್ ನೆರವಿನಿಂದ 2011–12ರಲ್ಲಿ ಮಧ್ಯಪ್ರದೇಶದ 8 ಹಳ್ಳಿಗಳಲ್ಲಿ ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ 200 ರೂಪಾಯಿ, ಪ್ರತಿ ಮಗುವಿಗೂ 100 ರೂಪಾಯಿ ಕೊಟ್ಟು ನೋಡಿತು. ವರ್ಷದ ಬಳಿಕ ಅದನ್ನು 300 ಮತ್ತು 150ಕ್ಕೆ ಏರಿಸಿತು. ಹಣ ಸಿಗದ ಇತರ ಹಳ್ಳಿಗಳ ಜತೆ ಹೋಲಿಸಿದಾಗ ಊಟ ಸುಧಾರಿಸಿತ್ತು, ಮಕ್ಕಳ ಓದಿಗೆ ಖರ್ಚು ಹೆಚ್ಚಿತ್ತು. ಎಷ್ಟೋ ಮನೆಗಳವರು ಪರರ ಹೊಲದ ಕೂಲಿ ಕಡಿಮೆ ಮಾಡಿ ತಮ್ಮ ತುಂಡು ಹೊಲಕ್ಕೆ ಮರಳಿದ್ದರು. ಸೋಮಾರಿಗಳಾದರು ಎನ್ನುವವರು ಈ ಕೊನೆಯದನ್ನು ಎರಡು ಸಲ ಓದಬೇಕು.

ಗೃಹಲಕ್ಷ್ಮಿಯನ್ನು ಅಳೆಯಲು ನನಗೆ ಹೆಚ್ಚು ನೆರವಾದದ್ದು ಕೀನ್ಯಾದ ಅನುಭವ. ಅಲ್ಲಿನ ರಾರಿಯೆಡ ಪ್ರದೇಶದ ಬಡ ಕುಟುಂಬಗಳಿಗೆ ಗಿವ್‌ಡೈರೆಕ್ಟ್ಲಿ ಎಂಬ ಸಂಸ್ಥೆ ಮೊಬೈಲ್ ಮೂಲಕ ಹಣ ಕಳಿಸಿತು. ಕೆಲವರಿಗೆ ತಿಂಗಳು ತಿಂಗಳು, ಕೆಲವರಿಗೆ ಒಂದೇ ಇಡಿಗಂಟು. ಸಂಶೋಧಕರಾದ ಯೋಹಾನೆಸ್ ಹೌಶೋಫರ್ ಮತ್ತು ಜೆರೆಮಿ ಶಪಿರೊ ಅದರ ಫಲವನ್ನು ಅಳೆದು 2016ರಲ್ಲಿ ಪ್ರಕಟಿಸಿದರು. ತಿಂಗಳ ಹಣ ಪಡೆದ ಮನೆಗಳಲ್ಲಿ ಊಟದ ಭದ್ರತೆ ಹೆಚ್ಚಿತ್ತು. ಇಡಿಗಂಟು ಪಡೆದವರು ಹುಲ್ಲಿನ ಸೂರು ತೆಗೆದು ತಗಡು ಹೊದಿಸುವಂಥ, ಬಾಳಿಕೆ ಬರುವ ಕೆಲಸಕ್ಕೆ ಹಾಕಿದ್ದರು. ಎರಡೂ ಒಳ್ಳೆಯವೇ, ಆದರೆ ಎರಡೂ ಬೇರೆ ಬೇರೆ. ತಿಂಗಳ ಹಣ ಹೊಟ್ಟೆಗೆ, ಇಡಿಗಂಟು ಆಸ್ತಿಗೆ. ಹಣ ಗಂಡನ ಕೈಗೆ ಹೋದರೂ ಹೆಂಡತಿಯ ಕೈಗೆ ಹೋದರೂ ಆ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಣ್ಣಿನ ಹೆಸರಿಗೆ ಹಾಕುವುದನ್ನು ಬೆಂಬಲಿಸುವ ನನಗೆ ಇದು ನುಂಗಲು ಕಷ್ಟದ ಸಂಗತಿ. ಆದರೂ ಖಾತೆಯೇ ಇಲ್ಲದಿದ್ದ ಅತ್ತೆಯೊಬ್ಬಳು ತನ್ನ ಹೆಸರಿನ ಪಾಸ್‌ಬುಕ್ಕನ್ನು ಟ್ರಂಕಿನಲ್ಲಿ ಬೀಗ ಹಾಕಿ ಇಡುವುದರ ಬೆಲೆ ಖರ್ಚಿನ ಕೋಷ್ಟಕದಲ್ಲಿ ಮೂಡುವಂಥದಲ್ಲ ಎಂದೇ ನಂಬಿದ್ದೇನೆ.

ಹೇಳಬೇಕಾದ್ದು ಇದು: ಗೃಹಲಕ್ಷ್ಮಿಯನ್ನು ತಿಂಗಳ ಹಣವೆಂದು ಘೋಷಿಸಿದರು, ಅದು ನಡೆದದ್ದು ಗೊತ್ತುಗುರಿಯಿಲ್ಲದ ಗಂಟಾಗಿ. ಎರಡು ಮೂರು ತಿಂಗಳು ಏನೂ ಇಲ್ಲ, ಆಮೇಲೆ ಒಂದು ವಾರದಲ್ಲಿ ಎರಡು ಕಂತು. 2025ರ ಡಿಸೆಂಬರಿನಲ್ಲಿ ವಿಧಾನಮಂಡಲದ ಬೆಳಗಾವಿ ಅಧಿವೇಶನದಲ್ಲಿ ಅದೇ ವರ್ಷದ ಫೆಬ್ರುವರಿ, ಮಾರ್ಚ್ ಕಂತುಗಳ ಬಗ್ಗೆ ಗದ್ದಲವೆದ್ದಿತು. ಹತ್ತು ತಿಂಗಳ ಹಿಂದೆ ಬೇಯಬೇಕಿದ್ದ ಬೇಳೆಯ ಬಗ್ಗೆ ಡಿಸೆಂಬರಿನಲ್ಲಿ ಚರ್ಚೆ.

ತಡವಾದರೇನು, ಬಂದೇ ಬರುತ್ತದಲ್ಲ ಎನ್ನಬಹುದು. ಕೈಯಲ್ಲಿ ಉಳಿತಾಯ ಇರುವವರ ಮಾತು ಅದು. ಊರಿನ ಉದ್ರಿ ಅಂಗಡಿಯಿಂದಲೋ ಬಡ್ಡಿಯವನಿಂದಲೋ ತಂದ ಹಣಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದು ಇಟ್ಟುಕೊಳ್ಳಿ. ಮೂರು ಕಂತು ಸೇರಿ ಒಟ್ಟಿಗೆ ಬಂತು. ಮೊದಲನೆಯದು ಮೂರು ತಿಂಗಳು ತಡ, ಎರಡನೆಯದು ಎರಡು, ಮೂರನೆಯದು ಒಂದು. ಆರು ಸಾವಿರದಲ್ಲಿ 360 ರೂಪಾಯಿ ಬಡ್ಡಿಗೇ ಹೋಯಿತು. ಹೆಚ್ಚುಕಡಿಮೆ ಒಂದು ದಿನದ ಕೂಲಿ. ಇದರ ಮೇಲೆ ಸಾಲ ಕೊಟ್ಟ ಮೈಕ್ರೊಫೈನಾನ್ಸ್ ಸಂಘದ ವಾರದ ಕಂತು ಇದೆ. ಸಂಘದ ಕಂತಿಗೆ ವಾರ ತಪ್ಪುವುದಿಲ್ಲ, ಸರ್ಕಾರದ ಕಂತಿಗೆ ವಾರವೇ ಇಲ್ಲ. ಸಾಲ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಹೇಳಿದ ದಿನಕ್ಕೆ ಸರಿಯಾಗಿ ಬರುವ ಎರಡು ಸಾವಿರ ಆ ಸಂಘದ ಬಾಗಿಲಿಗೆ ಹೋಗುವ ಅಗತ್ಯವನ್ನೇ ಎಷ್ಟೋ ಮನೆಗಳಲ್ಲಿ ತಗ್ಗಿಸಬಲ್ಲದು. ಯಾವಾಗಲೋ ಬರುವ ಎರಡು ಸಾವಿರ ಸಂಘದ ಬಾಕಿ ತುಂಬಲು ಹೋಗುತ್ತದೆ.

ಪತ್ರಿಕೆಗಳಲ್ಲಿ ಓದಿ ನಾವೆಲ್ಲ ಸಂತೋಷಪಟ್ಟ ಕತೆಗಳನ್ನೂ ಈ ಬೆಳಕಿನಲ್ಲಿ ನೋಡಬೇಕು. ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಕೂಡಿಟ್ಟ ಗೃಹಲಕ್ಷ್ಮಿ ಹಣದಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ಗದಗ ಜಿಲ್ಲೆಯ ಅತ್ತೆ ಸೊಸೆ ಇದೇ ಹಣದಲ್ಲಿ ಕೊಳವೆಬಾವಿ ಕೊರೆಸಿದರು. ಓದುವಾಗ ನನಗೂ ಕಣ್ಣು ತುಂಬಿತ್ತು. ಆ ಹೋಳಿಗೆಯನ್ನು ದುಂದುವೆಚ್ಚ ಎಂದವರ ಮೇಲೆ ಸಿಟ್ಟೂ ಬಂದಿತ್ತು. ಜೀವನವಿಡೀ ಇನ್ನೊಬ್ಬರ ಮನೆಯ ಪಂಕ್ತಿಯಲ್ಲಿ ಕೂತವರಿಗೆ ಒಮ್ಮೆ ತಾವೇ ಬಡಿಸುವ ಆಸೆ ಇರಬಾರದೇ? ಆದರೆ ಇವೆಲ್ಲ ಇಡಿಗಂಟಿನ ಕತೆಗಳು. ಹಣವನ್ನು ಮುಟ್ಟದೆ ತಿಂಗಳುಗಟ್ಟಲೆ ಕೂಡಿಡಬಲ್ಲ ಮನೆಗಳ ಕತೆಗಳು. ಸರ್ಕಾರ ಇವನ್ನೇ ಯೋಜನೆಯ ಯಶಸ್ಸೆಂದು ಎತ್ತಿ ಹಿಡಿದಾಗ, ಕೂಡಿಡಲಾಗದೆ ಅದೇ ದಿನ ಕಿರಾಣಿ ಅಂಗಡಿಗೆ ಹೋದವಳು ಫೋಟೊದಿಂದ ಹೊರಗುಳಿಯುತ್ತಾಳೆ. ಯೋಜನೆ ಹುಟ್ಟಿದ್ದು ಆಕೆಗಾಗಿ.

ಪಕ್ಕದ ತಮಿಳುನಾಡು ಸರ್ಕಾರ 2023ರ ಸೆಪ್ಟೆಂಬರ್ 15ರಂದು ‘ಕಲೈಞರ್ ಮಗಳಿರ್ ಉರಿಮೈ ತೊಗೈ’ ಆರಂಭಿಸಿತು. ಮೊತ್ತ ನಮ್ಮದರ ಅರ್ಧ, 1,000 ರೂಪಾಯಿ. ಆದಾಯದ ಮಿತಿ ಹಾಕಿ ಹಲವರನ್ನು ಹೊರಗಿಟ್ಟರು, ಅದನ್ನು ನಾನು ಒಪ್ಪುವುದಿಲ್ಲ. ಆದರೆ ಎರಡು ವಿಷಯದಲ್ಲಿ ಅದು ನಮ್ಮದಕ್ಕಿಂತ ಮೇಲು. ಹಣ ಹಾಕಲು ತಿಂಗಳ 15 ಎಂದು ದಿನ ಗೊತ್ತುಮಾಡಿದರು. ಹೆಸರಿನಲ್ಲೇ ‘ಉರಿಮೈ’ ಎಂದರು, ಅಂದರೆ ಹಕ್ಕು. ನಮ್ಮಲ್ಲಿ ‘ಲಕ್ಷ್ಮಿ’, ‘ಭಾಗ್ಯ’. ಲಕ್ಷ್ಮಿ ಚಂಚಲೆ ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ಭಾಗ್ಯ ಬಂದಾಗ ಉಂಟು. ಹಕ್ಕಿನ ಹಣ ತಡವಾದರೆ ಕೇಳಬಹುದು. ಲಿಂಗಸುಗೂರಿನ ಹೆಣ್ಣುಮಗಳು “ಯಾರಿಗೆ ಗೊತ್ತೈತ್ರಿ” ಎಂದಳೇ ಹೊರತು ಯಾಕೆ ಬಂದಿಲ್ಲ ಎನ್ನಲಿಲ್ಲ.

ಉಚಿತ ಅಕ್ಕಿಯ ಅನ್ನಭಾಗ್ಯ ಯೋಜನೆಯಲ್ಲೂ ನಗದಿನ ಪ್ರಯೋಗ ಆಗಿದೆ. 2023ರಲ್ಲಿ ಕೇಂದ್ರದ ದಾಸ್ತಾನಿನಿಂದ ರಾಜ್ಯಗಳಿಗೆ ಅಕ್ಕಿ ಮಾರುವುದು ನಿಂತಾಗ, ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. ಆ ದರಕ್ಕೆ ಅಂಗಡಿಯಲ್ಲಿ ಹೊಟ್ಟೆಗಾಗುವ ಅಕ್ಕಿ ಕೊಳ್ಳುವುದು ಕಷ್ಟವಿತ್ತು. 2025ರ ಆರಂಭದಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ನಿರ್ಧರಿಸಿದರು, ಅದು ಸರಿಯಾದ ನಿರ್ಧಾರ. ಬೆಲೆ ಏರಿದರೂ ಐದು ಕಿಲೋ ಐದು ಕಿಲೋ ಆಗಿಯೇ ಇರುತ್ತದೆ. ನಗದನ್ನು ಬೆಂಬಲಿಸುವವರು, ಎಲ್ಲವನ್ನೂ ನಗದಾಗಿಸಿಬಿಡಿ ಎನ್ನುವ ಮುನ್ನ ಆ 170 ರೂಪಾಯಿಯನ್ನು ನೆನೆಯಬೇಕು.

ಇನ್ನು ‘ಯಜಮಾನಿ’ ಎಂಬ ಮಾತು. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ರೇಷನ್ ಕಾರ್ಡಿನ ಮುಖ್ಯಸ್ಥೆ ಎಂದಿತು, ಗೃಹಲಕ್ಷ್ಮಿ ಅದನ್ನೇ ಹಿಡಿಯಿತು. ಹೀಗಾಗಿ ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ, ಸಾಮಾನ್ಯವಾಗಿ ಅತ್ತೆ. ಬೆಂಗಳೂರಿನ ಬಿಸಿಲಲ್ಲಿ ಇಟ್ಟಿಗೆ ಹೊರುವ ಸೊಸೆಗೆ ತನ್ನದೇ ಕಾರ್ಡು ಬೇಕೆಂದರೆ ಅರ್ಜಿ ಹಾಕಬೇಕು. ಹೊಸ ಕಾರ್ಡು, ತಿದ್ದುಪಡಿಗಳಿಗೆ ಸರ್ವರ್ ತೆರೆಯುವುದೇ ಕೆಲವು ದಿನ, ಅಷ್ಟರಲ್ಲಿ ರಜೆ ಹಾಕಿ ಊರಿಗೆ ಹೋಗಿರಬೇಕು. ಗಂಡ ಬಿಟ್ಟು ತವರು ಸೇರಿದವಳ ಹೆಸರು ತಾಯಿಯ ಕಾರ್ಡಿನಲ್ಲಿರುತ್ತದೆ, ಹಣ ತಾಯಿಗೆ. ಲಿಂಗಸುಗೂರಿನ ಹೆಣ್ಣುಮಗಳ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಜಗಳವಿಲ್ಲ, ಏಕೆಂದರೆ ಮಕ್ಕಳು ಅತ್ತೆಯ ಬಳಿ ಇದ್ದಾರೆ. ಮಕ್ಕಳಿಲ್ಲದಿದ್ದರೆ? ಎಷ್ಟೋ ಮನೆಗಳಲ್ಲಿ ಈ ಎರಡು ಸಾವಿರ ಪ್ರೀತಿಯನ್ನು ಬೆಸೆದಿದೆ, ಎಷ್ಟೋ ಕಡೆ ಒಲೆ ಬೇರೆ ಮಾಡಿಸಿದೆ.

ಗುಳೆ ಕುಟುಂಬಕ್ಕೆ ತಡವಿಲ್ಲದೆ ತಲುಪಿದ್ದು ಶಕ್ತಿ ಯೋಜನೆ ಎನ್ನಬೇಕು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಅದಕ್ಕೆ ಕಂತಿಲ್ಲ, ಬಾಕಿ ಇಲ್ಲ. ಬಸ್ಸು ಹತ್ತಿದ ಕ್ಷಣವೇ ಪಾವತಿ ಆಯಿತು. ಲಿಂಗಸುಗೂರಿನ ಆ ಹೆಣ್ಣುಮಗಳು ಮೊದಲು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದಳು, ಈಗ ಮೂರು ಸಲ. ಸಣ್ಣ ಹುಡುಗ ತನ್ನನ್ನು ಗುರುತು ಹಿಡಿಯುತ್ತಾನೆ ಎಂದಳು. ಇದನ್ನು ಹೇಳುವಾಗ ಆಕೆ ಒಗೆಯುವುದನ್ನು ನಿಲ್ಲಿಸಿದ್ದಳು.

ನಾವು ಮಾತಾಡುತ್ತಿರುವಾಗಲೇ ಊರಿನಿಂದ ಅತ್ತೆಯ ಫೋನು ಬಂತು. ಅವರ ಹಳ್ಳಿಯಲ್ಲಿ ಬ್ಯಾಂಕ್ ಇಲ್ಲ. ಪಕ್ಕದೂರಿಗೆ ನಡೆದು, ಪಾಳಿ ಹಚ್ಚಿ, ಹೆಬ್ಬೆಟ್ಟು ಒತ್ತಿದ ಮೇಲಷ್ಟೇ ಹಣ ಬಿದ್ದಿದೆಯೋ ಇಲ್ಲವೋ ತಿಳಿಯುವುದು. ಆ ತಿಂಗಳು ಆಗಲೇ ಎರಡು ಸಲ ಹೋಗಿ ಬಂದಿದ್ದಳಂತೆ, ಎರಡು ದಿನದ ಕಳೆ ಕೀಳುವ ಕೂಲಿ ಬಿಟ್ಟು. ನಾಳೆ ಇನ್ನೊಮ್ಮೆ ಹೋಗಲೇ ಎಂದು ಕೇಳುತ್ತಿದ್ದಳು. ಸೊಸೆ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಸೀರೆ ಹಿಂಡುತ್ತ ಹೇಳಿದಳು: “ನಾಳೆ ಬ್ಯಾಡ ಬಿಡು ಅತ್ತಿ. ಕೂಲಿಗಿ ಹೋಗು. ನಾ ಮೇಸ್ತ್ರಿಗಿ ಕೇಳಿ ನೋಡ್ತೀನಿ.”