‘ಮಾಲ್ಗುಡಿ ಡೇಸ್’: ಮೆಚ್ಚಿದ ಮೂರು ಕಂತುಗಳ ನೈತಿಕ ವಿಚಾರ

ಕಿರುತೆರೆಯ ಧಾರಾವಾಹಿಯೊಂದು ಪ್ರಸಾರವಾಗಿ ದಶಕಗಳು ಕಳೆದ ಮೇಲೂ ಜನಮನದಲ್ಲಿ ನೆಲೆಸಿದೆಯೆಂದರೆ, ಅದಕ್ಕೆ ಕಾರಣವೇನೆಂದು ವಿಚಾರಿಸುವುದು ಉಚಿತವಾದುದು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನಾಧರಿಸಿ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದ ಮೂಲಕ ಮನೆಮನೆಯನ್ನು ತಲಪಿತು. ಆಗುಂಬೆಯ ಬೀದಿ, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಮಾಸ್ಟರ್ ಮಂಜುನಾಥನ ಸ್ವಾಮಿ—ಈ ಧಾರಾವಾಹಿಯನ್ನು ಮೆಚ್ಚಿದವರು ಮೊದಲು ನೆನೆಯುವುದು ಇವುಗಳನ್ನೇ. ಆದರೆ ಇದರ ನಿಜವಾದ ಸತ್ವವಿರುವುದು ಬೇರೆಡೆ. ಇಲ್ಲಿ ಕೇಡು ಸಂಭವಿಸುವುದು ದುಷ್ಟರಿಂದಲ್ಲ, ಸಜ್ಜನರಿಂದ. ಮೂರು ಕಂತುಗಳ ಕಥಾವಸ್ತುವನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಮೊದಲನೆಯದು ಲೀಲಾ ಎಂಬ ಪುಟ್ಟ ಬಾಲಕಿ ಮತ್ತು ಮನೆಯಾಳು ಸಿದ್ದನ ಕಥೆ. ಆಕೆಗೆ ಅವನೇ ಆಟದ ಗೆಳೆಯ. ಚಂದ್ರನೊಡನೆ ಮಾತನಾಡಬಲ್ಲೆನೆಂದು ಅವಳನ್ನು ನಂಬಿಸಿದವನು. ಮಗುವಿನ ಕೊರಳ ಚಿನ್ನದ ಸರ ಕಾಣೆಯಾದೊಡನೆ ಸಂಶಯ ಅವನ ಮೇಲೆರಗುತ್ತದೆ. ಹಿಂದೆ ಸೆರೆಮನೆ ಕಂಡವನೆಂಬ ಸಂಗತಿಯೇ ಸಾಕ್ಷ್ಯವಾಗುತ್ತದೆ. ಕೊನೆಗೆ ಸರವು ಅಡುಗೆಮನೆಯ ಹುಣಸೆಹಣ್ಣಿನ ಮಡಕೆಯಲ್ಲಿ ದೊರೆಯುತ್ತದೆ. ಅದನ್ನಲ್ಲಿ ಹಾಕಿದವಳು ಲೀಲೆಯೇ. ಆಗಲಾದರೂ ಗೃಹಸ್ಥನಿಗೆ ಪಶ್ಚಾತ್ತಾಪವುಂಟೇ? ಪೊಲೀಸರಿಗೆ ತಿಳಿಸಿದರಾಯಿತು, ಅಂಥವನನ್ನು ಹೇಗೂ ಮನೆಯಲ್ಲಿ ಇರಿಸಿಕೊಳ್ಳಲಾಗುತ್ತಿರಲಿಲ್ಲ ಎಂದು ಅವನು ಸಮಾಧಾನಪಡುತ್ತಾನೆ. ಸತ್ಯವು ಬೆಳಕಿಗೆ ಬಂದರೂ ಸಂಶಯವು ಸೋಲನ್ನೊಪ್ಪುವುದಿಲ್ಲ. ಸಿದ್ದನನ್ನು ನಿರಪರಾಧಿಯೆಂದು ಮೊದಲಿನಿಂದ ನಂಬಿದವಳು ಮಗುವೊಂದೇ. ಆ ಮಗುವಿನ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲ.

ಎರಡನೆಯದು ಅಂಚೆಯಾಳು ತಾನಪ್ಪನ ಕಥೆ. ಬೀದಿಯ ಪ್ರತಿ ಮನೆಯ ಸುಖದುಃಖವೂ ಅವನದೇ. ರಾಮಾನುಜಂ ಅವರ ಮಗಳಿಗೆ ವರನನ್ನು ಸೂಚಿಸಿದವನೂ ಅವನೇ. ಆ ದಿನದ ಲಗ್ನ ತಪ್ಪಿದರೆ ಸಂಬಂಧವೇ ಕೈತಪ್ಪುವಂತಿರುವಾಗ, ಹತ್ತಿರದ ಬಂಧುವಿನ ಅಸ್ವಸ್ಥತೆಯ ಕಾಗದವೂ ಮರಣದ ತಂತಿಯೂ ಬರುತ್ತವೆ. ಮದುವೆ ಮುಗಿಯುವವರೆಗೆ ತಾನಪ್ಪ ಅವೆರಡನ್ನೂ ಬಚ್ಚಿಡುತ್ತಾನೆ. ಬಳಿಕ ತಾನೇ ತಂದೊಪ್ಪಿಸಿ, ದಂಡನೆಗೆ ಸಿದ್ಧನೆಂದು ತಲೆಬಾಗುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ. ಆದರೆ ಹೀಗೆ ಮಾಡಿದೆಯಲ್ಲಾ ಎಂಬ ನೋವನ್ನು ಮರೆಮಾಚುವುದೂ ಇಲ್ಲ. ಮಗಳ ಬಾಳು ನೆಲೆಗೊಂಡಿತು, ನಿಜ. ಆದರೆ ಸಾಯುತ್ತಿದ್ದ ಬಂಧುವಿನ ಮುಖವನ್ನು ಕಾಣುವ ಅವಕಾಶವನ್ನು ಅವರ ಪರವಾಗಿ ನಿರಾಕರಿಸುವ ಅಧಿಕಾರ ತಾನಪ್ಪನಿಗೆ ಎಲ್ಲಿಂದ ಬಂತು? ಪರಹಿತಕ್ಕಾಗಿ ಸತ್ಯವನ್ನು ತಡೆದವನೂ ಅದರ ಭಾರವನ್ನು ಹೊರಲೇಬೇಕು. ತಾನಪ್ಪ ಅದನ್ನು ಹೊರುತ್ತಾನೆ. ಅವನ ಹಿರಿಮೆ ಇರುವುದು ಅಲ್ಲಿ.

ಮೂರನೆಯದರಲ್ಲಿ ಗುಮಾಸ್ತ ವೆಂಕಟರಾವ್ ಮಗಳು ಶಾಂತೆಯನ್ನು ಸಿನಿಮಾಕ್ಕೆ ಕರೆದೊಯ್ಯುವ ಮಾತು ಕೊಡುತ್ತಾನೆ. ಕಚೇರಿ ಅವನನ್ನು ಬಿಡದು. ರೋಸಿ ರಾಜೀನಾಮೆ ಬರೆದವನು, ಸಂಬಳ ಏರಿಸಲು ತನ್ನ ಹೆಸರೂ ಇದೆಯೆಂದು ತಿಳಿದೊಡನೆ ಕಾಗದವನ್ನು ಹಿಂದೆ ಪಡೆಯುತ್ತಾನೆ. ರಾತ್ರಿ ಮನೆಗೆ ಬಂದಾಗ ಮಗಳು ನಿದ್ರಿಸುತ್ತಿರುತ್ತಾಳೆ. ತಂದೆ ಬರುವನೆಂದು ಕಾದವಳು ಹೊಸ ಉಡುಪನ್ನೂ ಕಳಚಿಲ್ಲ. ವೆಂಕಟರಾವ್ ಲೋಭಿಯಲ್ಲ, ಸಂಸಾರಕ್ಕಾಗಿಯೇ ದುಡಿಯುವವನು. ಆದರೂ ಸಂಸಾರಕ್ಕೆ ಸಲ್ಲಬೇಕಾದುದನ್ನೇ ಆ ದುಡಿಮೆ ಕಸಿದುಕೊಂಡಿದೆ.

ಈ ಮೂರರಲ್ಲಿಯೂ ಕೊನೆಗೆ ದಂಡನೆಯಿಲ್ಲ, ಉಪದೇಶವಿಲ್ಲ. ಖಳನನ್ನು ಸೋಲಿಸಿ ನೋಡುಗರನ್ನು ನಿಶ್ಚಿಂತರನ್ನಾಗಿಸುವ ಕಥೆಗಳು ನಮ್ಮಲ್ಲಿ ಹೇರಳ. ತೀರ್ಪನ್ನು ನೋಡುವವರ ಮನಸ್ಸಿಗೇ ಬಿಡುವ ಕಥೆಗಳು ವಿರಳ. ಹಾಗೆಂದು ಧಾರಾವಾಹಿ ದೋಷರಹಿತವೆನ್ನಲಾಗದು. ಅದರ ಮಾಧುರ್ಯವೇ ಕೆಲವೊಮ್ಮೆ ಅದಕ್ಕೆ ತೊಡಕಾಗಿದೆ. ಕರ್ಣಮಧುರವಾದ ರಾಗ, ಮಲೆನಾಡಿನ ಹಸುರು, ಹಳೆಯ ಕಾಲದ ಹಂಬಲ ಇವುಗಳ ನಡುವೆ ಸಿದ್ದನಿಗಾದ ಅನ್ಯಾಯವೂ ಒಂದು ಸವಿನೆನಪಾಗಿ ಕರಗಿಹೋಗುವ ಅಪಾಯವಿದೆ. ರಾಗವನ್ನು ಇಂದಿಗೂ ಗುನುಗುವ ಎಷ್ಟು ಮಂದಿಗೆ ಹುಣಸೆಯ ಮಡಕೆ ನೆನಪಿದೆ?

ಮೆಚ್ಚಿದ ಕಂತನ್ನು ಮರಳಿ ನೋಡುವುದು ಮನೋಲ್ಲಾಸಕ್ಕೆ ಮಾತ್ರ ಸೀಮಿತವಾಗಬೇಕಿಲ್ಲ. ಮನೆಯಲ್ಲಿ ವಸ್ತುವೊಂದು ಕಾಣೆಯಾದಾಗ ಕಣ್ಣು ಮೊದಲು ಯಾರತ್ತ ಹೊರಳುತ್ತದೆ? ವಸ್ತು ದೊರೆತ ಮೇಲೆ, ಸಂಶಯಕ್ಕೊಳಗಾದವನ ಬಳಿ ಹೋಗಿ ಕ್ಷಮೆ ಕೇಳುವವರು ಎಷ್ಟು ಮಂದಿ? ಲೀಲೆಯ ತಂದೆ ಮಾಡದೆ ಉಳಿಸಿದ ಆ ಕೆಲಸ ನೋಡುವವರ ಪಾಲಿಗೆ ಬಂದಿದೆ.