ಹಸೆ ಚಿತ್ತಾರದ ಚಿತ್ರಶಾಲೆ

ನಿಸರ್ಗ ಚಿತ್ರಕಾರನ ದಿನಚರಿಯನ್ನು ವಿವರಿಸಹೊರಟವರು ಅವನ ಚಿತ್ರಶಾಲೆಯಿಂದ ಆರಂಭಿಸುವುದು ವಾಡಿಕೆ. ಕಿಟಕಿಯ ಬೆಳಕು, ಚೌಕಟ್ಟು, ಬಣ್ಣದ ಹಲಗೆ ಇವುಗಳ ನಡುವೆ ನಿಂತು ಅವನು ದೂರದ ನೆಲವನ್ನು ಚಿತ್ರಿಸುತ್ತಾನೆ. ರುಮಾಲೆ ಚನ್ನಬಸವಯ್ಯನವರು (1910-1988) ಬೆಂಗಳೂರಿನ ಹೂಮರಗಳ ಎದುರಿಗೇ ಕುಳಿತು ಚಿತ್ರಿಸಿದವರು. ಆದರೂ ಮರ ಅತ್ತ, ಚಿತ್ರ ಇತ್ತ ಎಂಬ ಅಂತರ ಅಲ್ಲಿಯೂ ಉಳಿಯದಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಬರೆಯುತ್ತ ಬಂದಿರುವ ಹಸೆ ಚಿತ್ತಾರದಲ್ಲಿ ಈ ಅಂತರವೇ ಇಲ್ಲ. ಅದನ್ನು ರೇಖಾಲಂಕಾರವೆಂದು ವರ್ಗೀಕರಿಸಿ ಮುಂದೆ ಸಾಗುವುದು ಸುಲಭ. ನಾವು ಆ ವರ್ಗೀಕರಣವನ್ನು ಒಪ್ಪಲಾರೆವು. ಅದು ನೆಲದ ಚಿತ್ರವೇ ಸರಿ.

ಈ ಕಲೆಗೆ ಪ್ರತ್ಯೇಕ ಚಿತ್ರಶಾಲೆಯಿಲ್ಲ. ಒರಳು, ಹಿತ್ತಲು, ಜಗಲಿಗಳೇ ಅದರ ಕಾರ್ಯಸ್ಥಾನ. ನೆನೆಸಿ ಅರೆದ ಅಕ್ಕಿಯಿಂದ ಬಿಳುಪು; ಕರಿಯಾಗುವಂತೆ ಹುರಿದು ಅರೆದ ಅಕ್ಕಿಯಿಂದ ಕಪ್ಪು; ಗುರಿಗೆ ಕಾಯಿಯಿಂದ ಹಳದಿ. ಕೆಂಪು ಗೋಡೆಗೆ ಬಳಿದ ಕೆಮ್ಮಣ್ಣಿನದೇ. ಪುಂಡಿಯ ನಾರೇ ಕುಂಚ. ಗದ್ದೆಯಿಂದ ಬಂದ ಒಂದೇ ಅಕ್ಕಿ ಉಣ್ಣಲು ಅನ್ನವಾಗಿ, ಬರೆಯಲು ಬಿಳಿಯೂ ಕರಿಯೂ ಆಗುವುದನ್ನು ಗಮನಿಸಬೇಕು. ಕೊಟ್ಟಿಗೆ, ಗದ್ದೆ, ಅಡಿಗೆಗಳ ನಡುವೆ ದೊರೆತ ಬಿಡುವಿನಲ್ಲಿ ಚಿತ್ತಾರ ಬೆಳೆಯುತ್ತದೆ. ಏಕಾಂತವಿಲ್ಲದೆ ಕಲೆ ಹುಟ್ಟದೆಂದು ತರಗತಿಗಳಲ್ಲಿ ನಾವೇ ಎಷ್ಟೋ ಸಲ ಹೇಳಿದ್ದುಂಟು; ಚಿತ್ತಾರಗಿತ್ತಿಯ ದಿನಚರಿ ಆ ಮಾತನ್ನು ಸಮರ್ಥಿಸುವುದಿಲ್ಲ.

ಮದುವೆಯ ಮನೆಯಲ್ಲಿ ವಧೂವರರು ಕುಳಿತುಕೊಳ್ಳುವ ಹಸೆಯ ಹಿಂದಿನ ಗೋಡೆ ಈ ಕಲೆಯ ಮುಖ್ಯ ಕ್ಷೇತ್ರ. ನಿಲಿ, ಜೋಗಿ ಜಡೆ ಮೊದಲಾದ ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಆದರೆ ನಮ್ಮ ವಾದಕ್ಕೆ ಹೆಚ್ಚಿನ ಆಧಾರ ಗೋಡೆಯಲ್ಲಿಲ್ಲ, ಬುಟ್ಟಿಯಲ್ಲಿದೆ. ಆಶ್ವಯುಜದ ಭೂಮಿ ಹುಣ್ಣಿಮೆಗೆ ದೀವರ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ತೆನೆಗಟ್ಟುವ ಕಾಲದ ಭೂಮಿ ಅವರಿಗೆ ಬಸುರಿ. ಅವಳ ಬಯಕೆಗೆಂದು ಇರುಳೆಲ್ಲ ಅಡಿಗೆ ನಡೆಯುತ್ತದೆ. ನಸುಕಿನಲ್ಲಿ ಆ ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ. ಇಲ್ಲಿ ನೆಲ ಚಿತ್ರಕ್ಕೆ ವಸ್ತುವಲ್ಲ. ಅದು ಚಿತ್ರದ ಬಣ್ಣ, ಮತ್ತು ಚಿತ್ರ ಯಾರಿಗಾಗಿ ಬರೆಯಲ್ಪಟ್ಟಿತೋ ಆ ಅತಿಥಿ. ಬೇರೆ ನಿಸರ್ಗಚಿತ್ರಗಳು ನೆಲದಿಂದ ಗೋಡೆಗೆ ಬಂದರೆ, ಇದು ಮನೆಯಿಂದ ನೆಲಕ್ಕೆ ಹೋಗುತ್ತದೆ.

ಆ ಗದ್ದೆ ಯಾರದು ಎಂದು ಕೇಳದೆ ಈ ವಿಮರ್ಶೆ ಪೂರ್ಣವಾಗದು. ಬುಟ್ಟಿ ಹೊತ್ತ ಮನೆಗಳಲ್ಲಿ ಹಲವು ಗೇಣಿಯ ಮನೆಗಳಾಗಿದ್ದುವು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಹೂಡಿದ ಸತ್ಯಾಗ್ರಹ ಆರಂಭವಾದದ್ದು ಭತ್ತ ಅಳೆಯುವ ಕೊಳಗದ ಅಳತೆಯ ವ್ಯಾಜ್ಯದಿಂದ. ಅದರಲ್ಲಿ ಮುಂದೆ ನಿಂತವರು ದೀವರೇ. ಒಡೆಯನ ಗದ್ದೆಗೆ ತಮ್ಮ ಬಯಕೆಯೂಟ ಕೊಂಡೊಯ್ದವರ ಚಿತ್ರವನ್ನು ಕೇವಲ ಭಕ್ತಿಯ ಮಾತಿನಿಂದ ವರ್ಣಿಸುವುದು ಅರ್ಧಸತ್ಯ. ಉಳುವವನ ಹಕ್ಕು ಅದರಲ್ಲಿ ಮೌನವಾಗಿ ಅಡಗಿದೆಯೆಂದು ನಮಗೆ ತೋರುತ್ತದೆ. ಅತ್ತ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರಗಳ ಎಷ್ಟೋ ಹಳ್ಳಿಗಳು ಶರಾವತಿಯಲ್ಲಿ ಮುಳುಗಿದುವು. ಗದ್ದೆಗಳೊಡನೆ ಗೋಡೆಗಳೂ ಹೋದುವು. 1974ರ ಭೂಸುಧಾರಣೆಯಿಂದ ಅನೇಕ ಗೇಣಿದಾರರು ಭೂಮಾಲಿಕರಾದರು. ಅನುಕೂಲ ಬಂದ ಮೇಲೆ ಮಣ್ಣಿನ ಮನೆಯ ಜಾಗದಲ್ಲಿ ಸಿಮೆಂಟಿನ ಮನೆ ಎದ್ದಿತು. ಸ್ವಂತ ಗದ್ದೆ ಬಂದ ಮನೆಯಲ್ಲಿಯೇ ಕೆಮ್ಮಣ್ಣಿನ ಗೋಡೆ ಇಲ್ಲವಾದುದಕ್ಕೆ ನಾವು ಯಾರನ್ನೂ ದೂರಲಾರೆವು. ಸೋರುವ ಸೂರಿನಡಿ ಮಳೆಗಾಲ ಕಳೆಯದವರು ಮಣ್ಣಿನ ಗೋಡೆಗಾಗಿ ಹಲುಬುವುದು ಶೋಭಿಸದು.

ಇಂದು ಚಿತ್ತಾರ ಕಾಗದ, ಬಟ್ಟೆಗಳ ಮೇಲೆ ಪ್ರದರ್ಶನಗಳಿಗೆ ಹೋಗುತ್ತಿದೆ. ಬರೆಯುವವಳ ಹೆಸರು ತಿಳಿಯುತ್ತದೆ, ಕೈಗೆ ನಾಲ್ಕು ಕಾಸು ಬರುತ್ತದೆ, ಎರಡೂ ಒಳ್ಳೆಯವೇ. ನಮ್ಮ ಆಕ್ಷೇಪ ಬೇರೆ. ಅಂಗಡಿಯ ಬಣ್ಣದ ಗೆರೆ ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ. ನಾರಿನ ಗೆರೆ ಹಿಟ್ಟು ತೀರುತ್ತ ಬಂದಂತೆ ಸಣ್ಣಗಾಗಿ, ಮತ್ತೆ ಅದ್ದಿದಲ್ಲಿ ತುಂಬಿಕೊಳ್ಳುತ್ತದೆ. ಕೈ ಎಲ್ಲಿ ನಿಂತಿತು, ಎಲ್ಲಿ ಮುಂದುವರಿಯಿತು ಎಂಬುದು ಅದರಲ್ಲಿ ಕಾಣುತ್ತದೆ. ಪ್ರದರ್ಶನದ ಗೋಡೆಯಲ್ಲಿ ಚೌಕಟ್ಟು ಹಾಕಿದ ಚಿತ್ತಾರವನ್ನು ನೋಡುವ ವಿದ್ಯಾರ್ಥಿ ಮೊದಲು ಈ ಗೆರೆಯನ್ನು ಪರೀಕ್ಷಿಸಲಿ. ಸಾಧ್ಯವಾದರೆ ಒಂದು ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಈ ಸೀಮೆಯ ಯಾವುದಾದರೂ ಗದ್ದೆಯ ಬದುವಿನ ಮೇಲೆ ನಿಲ್ಲಲಿ. ಬುಟ್ಟಿಗೆ ಚಿತ್ತಾರ ಬರೆಯುವ ಮನೆಗಳು ಅಲ್ಲಿ ಇನ್ನೂ ಇವೆ.